ಮೊದಲ ಗಡಿಗೆ

ಆ ಊರಿಗೊಂದು ಹೆಸರಿತ್ತು. ಅದನ್ನು ಹೇಳಿ ಬಾಯಿ ಕಹಿ ಮಾಡಿಕೊಳ್ಳುವುದು ಬೇಡ, ಬಿಡಿ. ಊರಿನಲ್ಲಿ ಇದ್ದದ್ದು ಒಂದೇ ಕಟ್ಟಳೆ: ಹೊಲದಲ್ಲಿ ಬೆಳೆಯೊಂದೇ ಉಸಿರಾಡಬೇಕು. ಹುಳ ಉಸಿರಾಡಕೂಡದು, ಜೇಡ ಉಸಿರಾಡಕೂಡದು, ಜೇನು ಬಂದು ಕೂರಕೂಡದು, ಮಣ್ಣಿನೊಳಗೆ ಎರೆಹುಳ ಮಗ್ಗುಲು ಬದಲಿಸಕೂಡದು. ಊರ ನಡುವೆ ಒಂದು ಕೊಪ್ಪರಿಗೆ, ಕೊಪ್ಪರಿಗೆಯ ತುಂಬ ಖಾರನೀರು. ಬೆಳಗಾದರೆ ಜನ ಗಡಿಗೆ ಹಿಡಿದು ಬರುತ್ತಿದ್ದರು, ತುಂಬಿಕೊಂಡು ಹೋಗಿ ಹೊಲಕ್ಕೆ ಚಿಮುಕಿಸುತ್ತಿದ್ದರು, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಕಣ್ಣುರಿ ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಉರಿಯದ ದಿನ ಏನೋ ಕೆಲಸ ಮರೆತವರಂತೆ ಚಡಪಡಿಸುತ್ತಿದ್ದರು.

ಸುಮ್ಮಸುಮ್ಮನೆ ಬಂದ ಕಟ್ಟಳೆಯಲ್ಲ ಅದು, ನ್ಯಾಯವಾಗಿ ಹೇಳಬೇಕು. ಅಜ್ಜಂದಿರ ಕಾಲದಲ್ಲಿ ಬೆಳೆಗೆ ಹುಳ ಬಿದ್ದು ಊರಿಗೆ ಊರೇ ಗೆಡ್ಡೆಗೆಣಸು ಅಗೆದು ತಿಂದಿತ್ತು. ಹೊಟ್ಟೆಗಿಲ್ಲದೆ ಹೋದವರ ಹೆಸರನ್ನು ಮುದುಕರು ಇನ್ನೂ ಹೇಳುತ್ತಿದ್ದರು. ಆ ಹೆದರಿಕೆ ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೆ ಬಂತು. ಬರುತ್ತಾ ಬರುತ್ತಾ ಹೆದರಿಕೆ ಸವೆದು ಬರೀ ಸಿಟ್ಟು ಉಳಿಯಿತು.

ಕೊಯ್ಲಿಗೆ ಮುಂಚೆ ಬಟ್ಟೆಯ ದಿನ. ಬಟ್ಟೆ ಎಳೆಯುವವರು ಇಬ್ಬರು ಉದ್ದನೆಯ ಬಿಳಿ ಬಟ್ಟೆಯ ಎರಡು ತುದಿ ಹಿಡಿದು, ಪೈರಿನ ತಲೆ ಸವರಿಕೊಂಡು ಈ ಬದುವಿನಿಂದ ಆ ಬದುವಿಗೆ ಹೋಗುತ್ತಿದ್ದರು. ಬದುವಿನ ಕಲ್ಲಿನ ಮೇಲೆ ಬಟ್ಟೆ ಹಾಸುತ್ತಿದ್ದರು. ಊರ ಯಜಮಾನ ಬಗ್ಗಿ ನೋಡುತ್ತಿದ್ದ. ಬಟ್ಟೆಯ ಮೇಲೆ ಏನೂ ಅಲುಗದಿದ್ದರೆ, "ಶುದ್ಧ" ಎನ್ನುತ್ತಿದ್ದ. ಜನ ಮುಂದಿನ ಹೊಲಕ್ಕೆ ಹೋಗುತ್ತಿದ್ದರು. ಅಲುಗಿದರೆ, "ಉಸಿರಿದೆ" ಎನ್ನುತ್ತಿದ್ದ. ಆ ಮಾತು ಅವನ ಬಾಯಿಂದ ಬಿತ್ತೆಂದರೆ ಮುಗಿಯಿತು, ವಾಪಸು ತೆಗೆದುಕೊಳ್ಳುವಂತಿಲ್ಲ.

ಉಸಿರಿದ್ದ ಹೊಲಕ್ಕೆ ಊರೆಲ್ಲ ಸೇರಿ ಖಾರನೀರು ಸುರಿಯಬೇಕು, ಮನೆಗೊಂದು ಗಡಿಗೆ. ಚಿಮುಕಿಸುವುದಲ್ಲ, ಸುರಿಯುವುದು. ಆಮೇಲೆ ಆ ಮಣ್ಣಿನಲ್ಲಿ ಗರಿಕೆಯೂ ಹುಟ್ಟುವುದಿಲ್ಲ. ಆದರೆ ಮೊದಲ ಗಡಿಗೆ ಹೊಲದವರ ಕೈಯಿಂದಲೇ ಬೀಳಬೇಕು. ಅದು ಬೀಳುವ ತನಕ ಬೇರೆ ಯಾರ ಗಡಿಗೆಯೂ ಬಾಗಕೂಡದು. ನಾವು ಯಾರ ಹೊಲವನ್ನೂ ಕೆಡಿಸಲಿಲ್ಲ, ಅವರೇ ಶುರುಮಾಡಿದರು, ನಾವು ಕೈಜೋಡಿಸಿದೆವು ಅಷ್ಟೆ ಎಂದು ಹೇಳಿಕೊಳ್ಳಲು ಊರಿಗೆ ಆ ಮೊದಲ ಗಡಿಗೆ ಬೇಕಾಗಿತ್ತು. ಎಂಥಾ ಮರ್ಯಾದಸ್ಥರು ನೋಡಿ.

ಆ ಊರಿನ ಅಂಚಿನಲ್ಲಿ ಅವರೆಯವಳ ಹೊಲ. ಹೊಲ ಎಂದರೆ ಏನು, ನಾಲ್ಕು ಮನೆ ಅಂಗಳ ಸೇರಿಸಿದಷ್ಟು ಜಾಗ. ಅವಳು ಒಳ್ಳೆಯವಳು ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ನಾಲಿಗೆ ಹರಿತ, ಮುಖ ಗಂಟು, ಎದುರಿಗೆ ಬಂದವರಿಗೆ ದಾರಿ ಬಿಡುವ ಜಾಯಮಾನವಲ್ಲ. ಇದ್ದೊಬ್ಬ ಮಗಳನ್ನು ಯಜಮಾನನ ಮನೆಗೇ ಕೊಟ್ಟಿದ್ದಳು. ಮದುವೆಯ ದಿನ ಬೀಗರೂಟದಲ್ಲಿ ಸಾರಿಗೆ ಉಪ್ಪು ಸಾಲದು ಎಂದು ಎಲೆ ಮುಂದೆ ಕೂತು ಜಗಳ ತೆಗೆದಿದ್ದಳು. ಅಂಥವಳು.

ಅವಳೂ ಎಲ್ಲರಂತೆ ಖಾರನೀರು ಚಿಮುಕಿಸಿದವಳೇ. ಹೋದ ವರ್ಷ ಕೊಯ್ಲು ಮುಗಿದ ಮೇಲೆ ಕೈ ಉಳುಕಿತು. ಗಡಿಗೆ ಎತ್ತಲಾಗದೆ ಹೊಲವನ್ನು ಹಾಗೇ ಬಿಟ್ಟಳು. ಕೊಯ್ದು ಬಿಟ್ಟ ಅವರೆ ಬಳ್ಳಿಗಳು ಮಂಜು ಕುಡಿದು ಮತ್ತೆ ಚಿಗುರಿ ಹೂಬಿಟ್ಟು ಒಂದಿಷ್ಟು ಕಾಯಿ ಕಟ್ಟಿದವು. ಸಣ್ಣ ಕಾಯಿ, ಸೊಟ್ಟ ಕಾಯಿ. ಅದನ್ನು ಬಿಡಿಸುತ್ತಾ ಕೂತವಳು ಮೂಗು ತುರಿಸಿತೆಂದು ಕೈ ಎತ್ತಿದಳು. ಕೈ ಮೂಗಿನ ಹತ್ತಿರವೇ ನಿಂತುಹೋಯಿತು. ಬೆರಳಿಗೆ ಸೊಗಡು ಅಂಟಿತ್ತು. ಅವಳ ಅಜ್ಜಿಯ ಕೈಗೆ ಇದ್ದ ವಾಸನೆ. ಊರಿನ ಅವರೆ ಗುಂಡಗೆ, ಹೊಳಪಾಗಿ, ಎಲ್ಲಾ ಒಂದೇ ಅಳತೆಗೆ ಬರುತ್ತಿತ್ತು, ಆದರೆ ಬೇಯಿಸಿದರೆ ಬಿಸಿನೀರಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಅವಳು ಆ ಸೊಟ್ಟ ಕಾಳಿನ ಸಾರು ಮಾಡಿ ಉಂಡಳು. ಪಾತ್ರೆಯನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಕೈ ವಾಸಿಯಾದ ಮೇಲೂ ಕೊಪ್ಪರಿಗೆಯ ಕಡೆ ಹೋಗಲಿಲ್ಲ.

ಇದರಲ್ಲಿ ದೊಡ್ಡ ತತ್ವ ಏನೂ ಇಲ್ಲ. ನಾಲಿಗೆ ಚಪಲ. ಅವಳಿಗೆ ಆ ವಾಸನೆ ಮತ್ತೆ ಬೇಕಾಗಿತ್ತು.

ಈ ವರ್ಷ ಅವಳು ರಾಗಿಯ ಸಾಲಿನ ನಡುವೆ ಅವರೆ ಹಾಕಿದಳು, ಅಂಚಿಗೆಲ್ಲ ಹುಚ್ಚೆಳ್ಳು ಚೆಲ್ಲಿದಳು. ಬೆಳಗಿನ ಹೊತ್ತು ಒಲೆಯ ಬೂದಿ ಎರಚಿದಳು. ಗಂಜಲಕ್ಕೆ ನೀರು ಬೆರೆಸಿ ಬುಡಕ್ಕೆ ಹೊಯ್ದಳು. ಹುಳ ಕಂಡರೆ ಬೆರಳಲ್ಲಿ ಹಿಡಿದು, ಬಾಯಿಗೆ ಬಂದಂತೆ ಬೈದು, ಕೋಳಿಗೆ ಹಾಕಿದಳು. ಆದರೂ ಮೂರರಲ್ಲೊಂದು ಪಾಲು ಹುಳದ ಬಾಯಿಗೇ ಹೋಯಿತು. ಹೊಟ್ಟೆ ಉರಿದುಕೊಂಡಳು, ಬಿಡಲಿಲ್ಲ. ಹುಚ್ಚೆಳ್ಳಿನ ಹಳದಿ ಹೂವಿಗೆ ಎಲ್ಲಿಂದಲೋ ಜೇನು ಬಂತು. ಊರಿನ ಹೊಲಗಳಿಂದ ಓಡಿಸಿಕೊಂಡ ಜೀವವೆಲ್ಲ ಆ ಅಂಗೈಯಗಲ ಜಾಗಕ್ಕೆ ಬಂದು ಕೂತಂತಿತ್ತು.

ಬಟ್ಟೆಯ ದಿನ ಬಂತು. ಎಳೆಯುವವರು ಅವಳ ಹೊಲದ ಮೇಲೆ ಬಟ್ಟೆ ಎಳೆದರು, ಕಲ್ಲಿನ ಮೇಲೆ ಹಾಸಿದರು. ಯಜಮಾನ ಬಗ್ಗುವ ಅಗತ್ಯವೇ ಬೀಳಲಿಲ್ಲ. ಬಟ್ಟೆಗೆ ಬಟ್ಟೆಯೇ ಹರಿದಾಡುತ್ತಿತ್ತು. ಹಸಿರು ಹುಳ, ಕೆಂಪು ಚುಕ್ಕೆಯ ಹುಳ, ಹೊಟ್ಟೆಗೆ ಮೊಟ್ಟೆ ಕಟ್ಟಿಕೊಂಡ ಜೇಡ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬ ಓಕರಿಸಿದ.

"ಉಸಿರಿದೆ," ಎಂದ ಯಜಮಾನ.

ಅವಳ ಮುಂದೆ ತುಂಬಿದ ಗಡಿಗೆ ತಂದಿಟ್ಟರು. ಅವಳು ಅದನ್ನು ನೋಡಿದಳು, ಆಮೇಲೆ ಯಜಮಾನನನ್ನು ನೋಡಿದಳು.

"ಸುರಿಯಲ್ಲ."

"ಸುರಿಯಲ್ಲ ಅಂದ್ರೆ?"

"ಸುರಿಯಲ್ಲ ಅಂದ್ರೆ ಸುರಿಯಲ್ಲ, ಬೀಗರೇ. ನಿಮಗೆ ಕೈಯಿಲ್ವಾ? ನೀವೇ ಸುರೀರಿ."

ಯಾರೂ ಅಲುಗಲಿಲ್ಲ. ಕಟ್ಟಳೆ ಮುರಿಯುವುದು ಅವರ ಕೈಲಾಗದ ಕೆಲಸ. ಅವಳಿಗೆ ಅದು ಗೊತ್ತಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅವರ ಕಣ್ಣೆದುರಿಗೇ ಕಾಯಿ ಕೀಳಲು ಹೋದಳು.

ಅವತ್ತಿನಿಂದ ಊರು ಅವಳ ಮೇಲೆ ಬಿತ್ತು. ಅವಳ ಒಲೆಗೆ ಕೆಂಡ ಕೊಡಕೂಡದು, ಅವಳ ಕೈಗೆ ಬಾವಿಯ ಹಗ್ಗ ಕೊಡಕೂಡದು, ಅವಳ ಮಾತಿಗೆ ಮಾತು ಕೊಡಕೂಡದು. ಅವಳು ನಡೆಯುವ ದಾರಿಗೆ ಜಾಲಿಮುಳ್ಳು ಬಿತ್ತು. ಬಾಗಿಲಿಗೆ ಸಗಣಿ ಬಿತ್ತು. ಎದುರಿಗೆ ಬಂದವರು ಉಗಿದು ಪಕ್ಕಕ್ಕೆ ಹೋದರು, ಅವಳೂ ಉಗಿದಳು. ಒಂದು ಬೆಳಿಗ್ಗೆ ಅವಳ ಕೋಳಿ ಕತ್ತು ತಿರುಚಿಸಿಕೊಂಡು ಹೊಸ್ತಿಲ ಮುಂದೆ ಬಿದ್ದಿತ್ತು. ಅವಳಿಗೆ ಅಳು ಬಂತು, ನುಂಗಿಕೊಂಡಳು. ಚಕಮಕಿ ಕಲ್ಲು ಕುಟ್ಟಿ ತಾನೇ ಬೆಂಕಿ ಮಾಡಿದಳು, ದನ ಕುಡಿಯುವ ಹೊಂಡದಿಂದ ನೀರು ತಂದಳು, ಅದೇ ಕೋಳಿಗೆ ಅವರೆಕಾಳು ಹಾಕಿ ಸಾರು ಮಾಡಿದಳು. ಮನೆಯೊಳಗೆ ಮಾಡಲಿಲ್ಲ. ಬದುವಿನ ಮೇಲೆ ಮೂರು ಕಲ್ಲು ಹೂಡಿ, ಗಾಳಿ ಊರಿನ ಕಡೆ ಬೀಸುವ ಹೊತ್ತು ನೋಡಿಕೊಂಡು ಮಾಡಿದಳು.

ಆ ವಾಸನೆ ಊರೊಳಗೆ ಹೋಯಿತು.

ಖಾರನೀರಿಗೆ ಸತ್ತುಹೋಗಿದ್ದ ಮೂಗುಗಳು ಒಂದೊಂದೇ ಎದ್ದವು. ಜಗಲಿಯ ಮೇಲೆ ಕೂತ ಮುದುಕನೊಬ್ಬ ಇದ್ದಕ್ಕಿದ್ದಂತೆ ತನ್ನ ಸತ್ತ ತಾಯಿಯನ್ನು ಕೂಗಿದ. ಮಕ್ಕಳು, "ಅದೇನಮ್ಮಾ ವಾಸನೆ?" ಎಂದು ಕೇಳಿ ಏಟು ತಿಂದವು. ಉಣ್ಣಲು ಕೂತವರು ತಟ್ಟೆಯನ್ನು ದೂರ ತಳ್ಳಿದರು, ತಳ್ಳಿದ್ದಕ್ಕೆ ಹೆಂಡಿರನ್ನು ಬೈದರು. ಜನ ಕಿಟಕಿ ಹಾಕಿಕೊಂಡರು, ಬಾಗಿಲ ಸಂದಿಗೆ ಚಿಂದಿ ತುರುಕಿದರು. ಅವಳು ಮಾರನೆಯ ಸಂಜೆಯೂ ಮಾಡಿದಳು, ಅದರ ಮಾರನೆಯ ಸಂಜೆಯೂ ಮಾಡಿದಳು. ಕಟ್ಟಳೆ ಮುರಿದದ್ದಕ್ಕೆ ಅವಳನ್ನು ಕ್ಷಮಿಸಿದರೂ ಕ್ಷಮಿಸುತ್ತಿದ್ದರೋ ಏನೋ, ಬಾಯಲ್ಲಿ ನೀರು ತರಿಸಿದ್ದಕ್ಕೆ ಕ್ಷಮಿಸಲಿಲ್ಲ.

"ವಾಸನೆಯೂ ಉಸಿರೇ," ಎಂದು ಯಜಮಾನ ಪಂಚಾಯಿತಿ ಸೇರಿಸಿದ. ಬಟ್ಟೆ ಎಳೆಯುವವರು ಬಟ್ಟೆ ಹಿಡಿದು ಗಾಳಿಯಲ್ಲಿ ಓಡಾಡಿದರು. ಬಟ್ಟೆಗೆ ಏನೂ ಸಿಗಲಿಲ್ಲ. ಬಟ್ಟೆ ಎಳೆಯುವವರಲ್ಲೊಬ್ಬ ಆಮೇಲೆ ಅದನ್ನು ಮೂಸಿ ನೋಡುತ್ತಿದ್ದದ್ದನ್ನು ಕಂಡು ಯಜಮಾನ ಕೆನ್ನೆಗೆ ಬಾರಿಸಿದ.

ಕೊನೆಗೆ ಯಜಮಾನ ಒಂದು ದಾರಿ ಕಂಡುಕೊಂಡ. "ಹೊಲದವರ ಕೈ ಅಂದ್ರೆ ಆ ಹೊಲದಲ್ಲಿ ಕಳೆ ಕಿತ್ತ ಯಾವ ಕೈಯಾದರೂ ಆಯ್ತು," ಎಂದ. "ಅಂಥಾ ಇನ್ನೊಂದು ಕೈ ನಮ್ಮ ಮನೇಲಿದೆ."

ಅವನ ಸೊಸೆ, ಅವರೆಯವಳ ಮಗಳು. ತುಂಬಿದ ಬಸುರಿ.

ಆ ಊರಿನಲ್ಲಿ ಬಸಿರು ನಿಲ್ಲುವುದೇ ಕಷ್ಟವಾಗಿತ್ತು. ನಿಂತ ಬಸಿರನ್ನು ಕೊಪ್ಪರಿಗೆಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಯಜಮಾನನಿಗೂ ಗೊತ್ತಿತ್ತು. ಗೊತ್ತಿದ್ದೇ ಅವನು ಸೊಸೆಯ ಸೊಂಟಕ್ಕೆ ಖಾರನೀರಿನ ಗಡಿಗೆ ಇಟ್ಟ.

ಬಿಸಿಲು ಏರುವ ಹೊತ್ತಿಗೆ ಅವರೆಯವಳು ಹೊಲದಲ್ಲಿ ಬಗ್ಗಿದ್ದಳು. ತಲೆ ಎತ್ತಿದಾಗ ಇಡೀ ಊರು ಗಡಿಗೆ ಹಿಡಿದು ಬರುತ್ತಿತ್ತು. ಮುಂದೆ ಮಗಳು. ಹೊಟ್ಟೆಗೆ ಒತ್ತಿಕೊಂಡ ಗಡಿಗೆ, ಒಂದು ಕಡೆ ವಾಲಿದ ನಡಿಗೆ. ಅವರೆಯವಳು ಕೈಯಲ್ಲಿದ್ದ ಕಾಯಿ ಬಿಟ್ಟು ನೆಟ್ಟಗೆ ನಿಂತಳು. ಬಾಯಿ ಮಾತ್ರ ಬಾಗಲಿಲ್ಲ.

"ಏನೇ, ನೀನೇ ಬಂದೆಯಾ ನನ್ನ ಹೊಲ ಸುಡೋಕೆ?"

"ಬರದೆ ಏನ್ಮಾಡ್ಲಿ? ಕಳಿಸಿದ್ರು, ಬಂದೆ."

"ಗಡಿಗೆ ಕೆಳಗಿಡು."

"ಇಡಲ್ಲ. ಇಟ್ಟರೆ ಮತ್ತೆ ಎತ್ತೋ ಶಕ್ತಿ ಇಲ್ಲ ನನಗೆ." ಮಗಳ ದನಿ ನಡುಗುತ್ತಿತ್ತು, ಅಳುವಿಗಲ್ಲ, ಸಿಟ್ಟಿಗೆ. "ನಾಲ್ಕು ಕಾಯಿಗೋಸ್ಕರ ನನ್ನ ಬಾಳು ಬೀದಿಗೆ ತಂದೆಯಲ್ಲವ್ವಾ. ಆ ಮನೇಲಿ ದಿನಾ ನಿನ್ನ ಬೈದೇ ನನಗೆ ಅನ್ನ ಬಡಿಸೋದು. ಗಡಿಗೆ ಸುರಿದು ಬಾ, ಇಲ್ಲದಿದ್ರೆ ಹೆರಿಗೆಗೆ ಯಾವ ಸೂಲಗಿತ್ತೀನೂ ಈ ಮನೆ ಹೊಸಲು ತುಳಿಯಲ್ಲ ಅಂತ ಹೇಳವ್ರೆ. ನಾಚಿಕೆ ಆಗಲ್ವಾ ನಿನಗೆ?"

"ಆಗಲ್ಲ."

"ಒಂದು ಬಯಕೆ ಊಟಕ್ಕೂ ಕರೀಲಿಲ್ಲ ನೀನು."

"ಕರೆದಿದ್ರೆ ಕಳಿಸ್ತಿದ್ರಾ?"

ಮಗಳು ಗಡಿಗೆಯನ್ನು ಹೊಟ್ಟೆಗೆ ಇನ್ನಷ್ಟು ಒತ್ತಿ ಹಿಡಿದಳು. ಆಮೇಲೆ ದೂರು ಹೇಳುವವಳಂತೆ, ಹಲ್ಲು ಕಚ್ಚಿಕೊಂಡು ಹೇಳಿದಳು, "ನೀನು ಸಾರು ಕಾಯಿಸೋಕೆ ಶುರುಮಾಡಿದಾಗಿಂದ ನನಗೆ ಬೇರೆ ಏನೂ ಗಂಟಲಲ್ಲಿ ಇಳೀತಿಲ್ಲ. ಕಿಟಕಿ ಹಾಕಿದ್ರೂ ಬರ್ತದೆ. ಕಂಬಳಿ ಹೊದ್ದರೂ ಬರ್ತದೆ. ಯಾಕೆ ಹಿಂಗೆ ಮಾಡಿದೆ?"

ಅವರೆಯವಳ ಕಣ್ಣು ಗಡಿಗೆಯ ಮೇಲಿತ್ತು. ಗಡಿಗೆಯ ಬಾಯಿಂದ ಖಾರನೀರು ತುಳುಕಿ ಮಗಳ ಸೀರೆಯ ಮೇಲೆ ಇಳಿದಿತ್ತು. ಹೊಟ್ಟೆ ಉಬ್ಬಿದ ಜಾಗದಲ್ಲಿ ಸೀರೆ ಒದ್ದೆಯಾಗಿ ಅಂಟಿಕೊಂಡಿತ್ತು. ಒದ್ದೆ ಅವಳು ನೋಡುತ್ತಿದ್ದ ಹಾಗೇ ಅಗಲವಾಗುತ್ತಿತ್ತು.

"ಬೀಗರೇ," ಎಂದಳು ಯಜಮಾನನಿಗೆ. "ನಿಮ್ಮ ಮನೆ ಕುಡಿ ಕಣ್ರೀ ಅದು."

"ಹೌದು," ಎಂದ ಯಜಮಾನ. "ಅಷ್ಟು ಕರುಳಿದ್ರೆ ಗಡಿಗೆ ನೀನು ತಗೋ, ಬೀಗಿತ್ತಿ."

ಆಗ ಅವಳಿಗೆ ಅರ್ಥವಾಯಿತು. ಅವರು ಮಗಳನ್ನು ಸುರಿಯಲು ಕರೆದುಕೊಂಡು ಬಂದಿರಲಿಲ್ಲ. ತಾನು ನೋಡಲಿ ಎಂದು ಕರೆದುಕೊಂಡು ಬಂದಿದ್ದರು. ಇಷ್ಟು ದಿನ ಮುಳ್ಳಿಗೆ ಬಗ್ಗದವಳು, ಉಗುಳಿಗೆ ಬಗ್ಗದವಳು, ಆ ಒದ್ದೆಯ ಮುಂದೆ ಸೋತಳು. ದಡದಡ ಹೋಗಿ ಮಗಳ ಸೊಂಟದಿಂದ ಗಡಿಗೆ ಕಿತ್ತುಕೊಂಡಳು, ಕೆಳಗಿಟ್ಟಳು, ತನ್ನ ಸೆರಗಿನಿಂದ ಮಗಳ ಹೊಟ್ಟೆಯನ್ನು ಒರೆಸಿದಳು. ಒರೆಸಿದ ಸೆರಗನ್ನು ಹರಿದು ದೂರ ಎಸೆದಳು.

"ಸುರೀತೀನಿ," ಎಂದಳು. "ಬಸುರಿ ಮಗಳು ತವರಿನ ಮಣ್ಣು ತುಳಿದವ್ಳೆ. ಮಡಿಲು ತುಂಬಿಸದೆ ಕಳಿಸಲ್ಲ. ತುಂಬಿಸಿ ಸುರೀತೀನಿ."

ಮಡಿಲು ತುಂಬುವುದು ಆ ಊರಿನ ಕಟ್ಟಳೆಗಿಂತ ಹಳೆಯದು. ತಾಯಿ ಮಡಿಲು ತುಂಬುವಾಗ ತಡೆಯಕೂಡದು, ತುಂಬಿದ ಮಡಿಲಿಗೆ ಕೈ ಹಾಕಕೂಡದು. ಯಜಮಾನ ಜನರ ಮುಖ ನೋಡಿದ. ಹೆಂಗಸರು ನೆಲ ನೋಡುತ್ತಿದ್ದರು. ಅವರೆಲ್ಲರಿಗೂ ಒಬ್ಬೊಬ್ಬ ತಾಯಿ ಇದ್ದಳು, ಇಲ್ಲವೇ ಇದ್ದು ಹೋಗಿದ್ದಳು.

"ಬೇಗ ಮುಗಿಸು," ಎಂದ.

ಅವಳು ಬೇಗ ಮುಗಿಸಲಿಲ್ಲ. ಸಾಲಿನಿಂದ ಸಾಲಿಗೆ ಹೋದಳು. ಹಸಿ ಕಾಯಿ ಕಿತ್ತಳು, ಬೀಜಕ್ಕಾಗುವಷ್ಟು ಬಲಿತು ಗಲಗಲ ಎನ್ನುವ ಕಾಯಿ ಕಿತ್ತಳು. ಹುಳ ಬಿದ್ದದ್ದು ಬೀಳದ್ದು ಎಂದು ಆರಿಸಲಿಲ್ಲ. ಕಿತ್ತು ಕಿತ್ತು ತಂದು ಮಗಳ ಮಡಿಲಿಗೆ ಹಾಕಿದಳು, ಮತ್ತೆ ಹೋದಳು, ಮತ್ತೆ ತಂದಳು. ಊರು ಗಡಿಗೆ ಹೊತ್ತು ಬಿಸಿಲಲ್ಲಿ ನಿಂತಿತ್ತು, ತೋಳು ನೋಯುತ್ತಿತ್ತು, ಸೊಗಡು ಮೂಗಿಗೆ ಹತ್ತುತ್ತಿತ್ತು. ಮಡಿಲು ತುಂಬಿ ಮಗಳ ಹೊಟ್ಟೆ ಇನ್ನಷ್ಟು ದೊಡ್ಡದಾಗಿ ಕಾಣಿಸಿತು. ಮಗಳು ಒಂದು ಹಸಿಕಾಯಿ ಎತ್ತಿ ಮೂಸಿದಳು. ತಾಯಿಯ ಮುಖ ನೋಡಲಿಲ್ಲ.

"ಹೋಗು," ಎಂದಳು ತಾಯಿ. "ಇಲ್ಲಿ ನಿಲ್ಲಬೇಡ. ಉಸಿರು ಬಿಗಿಹಿಡಿದು ಹೋಗು."

ಮಗಳು ಬದು ಹತ್ತಿ ಖಾರದ ಗಾಳಿ ತಾಗದ ಮಗ್ಗುಲಿಗೆ ಹೋಗುವ ತನಕ ಕಾದು ಅವರೆಯವಳು ಗಡಿಗೆ ಎತ್ತಿದಳು. ಅವಳೇ ಕಲ್ಲು ಆರಿಸಿದ ಮಣ್ಣು. ಅವಳೇ ಬೂದಿ ಎರಚಿದ ಗಿಡ. ಹುಳಗಳಿಗೆ ಅವಳು ಇಟ್ಟ ಬೈಗುಳದ ಹೆಸರುಗಳು ಒಂದೊಂದೂ ನೆನಪಿದ್ದವು. ಗಡಿಗೆ ಬಾಗಿಸಿದಳು. ಮಣ್ಣು ಬುಸ್ ಎಂದಿತು. ಹುಚ್ಚೆಳ್ಳಿನ ಮೇಲಿದ್ದ ಜೇನು ಒಟ್ಟಿಗೆ ಎದ್ದು, ಸುತ್ತು ಹಾಕಿ, ಕೂರಲು ಬೇರೆ ಜಾಗವಿಲ್ಲದೆ ಮತ್ತೆ ಅಲ್ಲಿಗೇ ಇಳಿಯಿತು.

ಆಮೇಲೆ ಊರು ಸುರಿಯಿತು. ಮನೆಗೊಂದು ಗಡಿಗೆ, ಮನೆಗೊಂದು ಗಡಿಗೆ. ಅಷ್ಟು ದಿನದ ಸಿಟ್ಟನ್ನೆಲ್ಲ ಸುರಿಯಿತು. ರಾಗಿ ಮಲಗಿತು, ಅವರೆ ಕಪ್ಪಾಯಿತು, ಎರೆಹುಳಗಳು ಮೇಲೆ ಬಂದು ಹೊರಳಿ ಸುಮ್ಮನಾದವು. ಅವರೆಯವಳು ಬದುವಿನ ಕಲ್ಲಿನ ಮೇಲೆ ಕೂತು ಗೋಳೋ ಎಂದು ಅತ್ತಳು. ಕಣ್ಣುರಿಯ ನೆಪ ಹೇಳಿ ಅಳುವನ್ನು ಮುಚ್ಚಿಕೊಳ್ಳಲಿಲ್ಲ. ಕೈಯನ್ನು ಮೂಗಿನ ಹತ್ತಿರ ತಂದಳು. ಖಾರನೀರಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬರಿಗಡಿಗೆ ಹಿಡಿದು ಜನ ತಿರುಗಿದರು. ಬದುವಿನ ಮೇಲೆ ಮಗಳು ನಿಂತಿದ್ದಳು, ಎರಡೂ ಕೈಯಲ್ಲಿ ಮಡಿಲು ಹಿಡಿದುಕೊಂಡು. ಅವಳ ಮನೆಯ ದಾರಿ ಅವರ ನಡುವೆಯೇ ಹಾಯಬೇಕಾಗಿತ್ತು. ಅವಳು ಹೆಜ್ಜೆ ಇಟ್ಟಳು. ಆಗ ಮಡಿಲಿನ ಅಂಚಿನಿಂದ ಒಂದು ಹಸಿರು ಹುಳ ಹೊರಗೆ ತಲೆ ಹಾಕಿತು. ಬೆನ್ನು ಬಾಗಿಸಿ, ಬೆನ್ನು ಚಾಚಿ, ಸೀರೆಯ ಮೇಲೆ, ಉಬ್ಬಿದ ಹೊಟ್ಟೆಯ ಮೇಲೆ ನಿಧಾನವಾಗಿ ಹತ್ತತೊಡಗಿತು.

ಮೊದಲು ಕಂಡದ್ದು ಬಟ್ಟೆ ಎಳೆಯುವವರಿಗೆ. ಆಮೇಲೆ ಎಲ್ಲರಿಗೂ ಕಂಡಿತು. ಬಟ್ಟೆಯ ಮೇಲೆ ಏನಾದರೂ ಅಲುಗಿದರೆ ಹೇಳಬೇಕಾದವನು ಒಬ್ಬನೇ. ಎಲ್ಲರೂ ಅವನ ಕಡೆ ತಿರುಗಿದರು.

ಯಜಮಾನ ಹುಳ ನೋಡಿದ. ಹುಳದ ಕೆಳಗಿನ ಹೊಟ್ಟೆ ನೋಡಿದ. ಅವನ ಬಾಯಿ ತೆರೆಯಿತು. ಆ ಮಾತು ಬಿದ್ದರೆ ವಾಪಸು ಬರುವುದಿಲ್ಲ, ಗಡಿಗೆಗಳು ಮತ್ತೆ ತುಂಬಬೇಕು, ಮೊದಲ ಗಡಿಗೆ ಅವನ ಮನೆಯದೇ ಆಗಬೇಕು.

"ಏನ್ರೀ ಬೀಗರೇ," ಎಂದಳು ಕಲ್ಲಿನ ಮೇಲೆ ಕೂತ ಅವರೆಯವಳು, ಮೂಗೊರೆಸಿಕೊಳ್ಳುತ್ತಾ. "ಹೇಳಿ. ಏನೋ ಅಲುಗ್ತಾ ಅದೆಯಲ್ಲ. ಹೇಳಿ ಮತ್ತೆ."

ಯಜಮಾನ ತೆರೆದ ಬಾಯಿ ಮುಚ್ಚಿದ.

"ದಾರಿ ಬಿಡಿ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಬಸುರಿ ಹೋಗಲಿ."

ಜನ ಎರಡು ಪಕ್ಕಕ್ಕೆ ಸರಿದರು. ಮಗಳು ಹುಳವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದಳು. ಹೊಸಕಲಿಲ್ಲ. ಮಡಿಲಿನ ಕಾಯಿಗಳ ನಡುವೆ ವಾಪಸು ಬಿಟ್ಟು, ಸೀರೆಯ ಅಂಚನ್ನು ಅದರ ಮೇಲೆ ಎಳೆದುಕೊಂಡು, ಊರಿನ ನಡುವೆ ಹಾದು ನಡೆದಳು.

ಅವರೆಯವಳು ಕಲ್ಲಿನ ಮೇಲಿಂದ ಎದ್ದು ನಿಂತಳು. ಹಿಂದೆ ಹೊಲ ಹೊಗೆಯಾಡುತ್ತಿತ್ತು. ಮಗಳು ತಿರುವಿನ ತನಕ ಹೋಗಿದ್ದಳು. ಕೇಳಿಸುತ್ತದೋ ಇಲ್ಲವೋ ಎಂದು ದನಿ ಎತ್ತಿ ಕೂಗಿದಳು, ಜಗಳಕ್ಕೆ ಕೂಗುವ ಅದೇ ದನಿಯಲ್ಲಿ:

"ಎಲ್ಲಾನೂ ಬೇಯಿಸಿಬಿಡಬೇಡ ಕಣೇ."